ಕೇಶಿರಾಜನ ಬಾಳೂ ಮಾತಿನ ನ್ಯಾಯವೂ

ಕನ್ನಡ ಮಾತಿನ ಶುದ್ಧಾಶುದ್ಧಗಳ ವಿಚಾರವು ನಮ್ಮ ನಾಡಿನಲ್ಲಿ ಎಂದೂ ತೀರದ ವ್ಯಾಜ್ಯದಂತೆ ನಡೆದುಕೊಂಡು ಬಂದಿದೆ. ಕಚೇರಿಯ ಆಜ್ಞೆಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ, ಸಭೆಯ ಭಾಷಣಗಳಲ್ಲಿ ಶಬ್ದಗಳು ತಮ್ಮ ಮೊದಲಿನ ರೂಪವನ್ನೂ ಅರ್ಥವನ್ನೂ ಬಿಟ್ಟು ದಾರಿತಪ್ಪುತ್ತಿವೆಯೆಂದು ಒಂದು ಪಕ್ಷದವರು ದೂರುತ್ತಾರೆ. ಜನರು ಆಡಿದ್ದೇ ಭಾಷೆ, ಬಳಕೆಯನ್ನು ಮೀರಿದ ಶಾಸ್ತ್ರವಿಲ್ಲವೆಂದು ಇನ್ನೊಂದು ಪಕ್ಷದವರು ಉತ್ತರ ಕೊಡುತ್ತಾರೆ. ಎರಡು ಪಕ್ಷದವರೂ ತಮ್ಮ ವಾದವು ಹೊಸದೆಂದು ತಿಳಿದಿರುವಂತೆ ತೋರುತ್ತದೆ. ಆದರೆ ಏಳೂವರೆ ಶತಮಾನಗಳಷ್ಟು ಹಿಂದೆಯೇ, ಹೊಯ್ಸಳರ ಕಾಲದಲ್ಲಿ, ಒಬ್ಬ ಕವಿಯು ಈ ವ್ಯಾಜ್ಯವನ್ನು ಕೈಗೆತ್ತಿಕೊಂಡು, ಸಾಕ್ಷಿಗಳನ್ನು ಕರೆಸಿ, ವಿಚಾರಿಸಿ, ತೀರ್ಪನ್ನು ಬರೆದಿಟ್ಟನು. ಆತನೇ ಶಬ್ದಮಣಿದರ್ಪಣದ ಕರ್ತೃವಾದ ಕೇಶಿರಾಜ. ಅವನ ಹೆಸರನ್ನು ಶಾಲೆಯಲ್ಲಿ ಕೇಳದವರು ವಿರಳ. ಅವನ ತೀರ್ಪನ್ನು ಓದಿದವರು ಇನ್ನೂ ವಿರಳ. ಸಂಧಿಸಮಾಸಗಳ ದಂಡವನ್ನು ಹಿಡಿದು ನಿಂತ ನಿರ್ದಯ ಶಾಸನಕಾರನೆಂದೇ ಅವನನ್ನು ಬಹುಮಂದಿ ಭಾವಿಸಿದ್ದಾರೆ. ಆ ಭಾವನೆಯು ನ್ಯಾಯವಾದುದಲ್ಲವೆಂಬುದು ನಮ್ಮ ಅಭಿಪ್ರಾಯವಾದುದರಿಂದ ಅವನ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಹಾಸನ ಜಿಲ್ಲೆಯ ಹಳೇಬೀಡಿಗೆ ಹೋದವರೆಲ್ಲರೂ ಹೊಯ್ಸಳೇಶ್ವರನ ಗುಡಿಯನ್ನು ನೋಡಿ ಬೆರಗಾಗಿ ಹಿಂದಿರುಗುತ್ತಾರೆ. ಅದಕ್ಕೆ ಸಮೀಪದಲ್ಲೇ ಇರುವ ಬಸ್ತಿಹಳ್ಳಿಯವರೆಗೆ ಹೋಗುವವರು ಅಷ್ಟಿಲ್ಲ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳು ಅಲ್ಲಿ ಒಂದೇ ಆವರಣದಲ್ಲಿ ನಿಂತಿವೆ. ಇವುಗಳಲ್ಲಿ ಪಾರ್ಶ್ವನಾಥನ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ಮಗ ಬೊಪ್ಪದೇವನು 1133ರಲ್ಲಿ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವು ಅರಸನ ಕೈಸೇರಿದ ಸಮಯಕ್ಕೇ ಯುದ್ಧದಲ್ಲಿ ಜಯವೂ ಅರಮನೆಯಲ್ಲಿ ಪುತ್ರೋತ್ಸವವೂ ಕೂಡಿಬಂದುದರಿಂದ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರಾಯಿತೆಂದು ಅಲ್ಲಿಯ ಶಾಸನವು ತಿಳಿಸುತ್ತದೆ. ಹಳೇಬೀಡೂ ಬಸ್ತಿಹಳ್ಳಿಯೂ ಇರುವ ಈ ನೆಲವೇ ಅಂದಿನ ದೋರಸಮುದ್ರ. ಅರಸರೂ ದಂಡನಾಯಕರೂ ಶಿಲ್ಪಿಗಳೂ ವರ್ತಕರೂ ತುಂಬಿದ್ದ ಆ ಪಟ್ಟಣವು ಕನ್ನಡ ವಿದ್ವಾಂಸರಿಗೂ ಆಶ್ರಯವಾಗಿದ್ದಿತು.

ಆ ಆಶ್ರಯದಲ್ಲಿ ಬೆಳಗಿದ ಒಂದು ಮನೆತನದಲ್ಲಿ ಕೇಶಿರಾಜನು ಹುಟ್ಟಿದನು. ತಾಯಿಯ ತಂದೆಯಾದ ಸುಮನೋಬಾಣನು ಹೊಯ್ಸಳ ನರಸಿಂಹನ ಬಳಿ ಕಟಕೋಪಾಧ್ಯಾಯನಾಗಿದ್ದವನು. ಸೋದರಮಾವನು ಜನ್ನ, 1209ರಲ್ಲಿ ಯಶೋಧರ ಚರಿತೆಯನ್ನೂ 1230ರಲ್ಲಿ ಅನಂತನಾಥ ಪುರಾಣವನ್ನೂ ಬರೆದು, ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಆ ಜನ್ನನೇ. ಕಾವ್ಯವನ್ನು ಬರೆದಂತೆಯೇ ಶಾಸನಗಳನ್ನೂ ರಚಿಸಿದ ಈ ಕವಿಯು ದೋರಸಮುದ್ರದ ಪಾರ್ಶ್ವಜಿನೇಶ್ವರನ ಬಸದಿಗೂ ಸೇವೆ ಸಲ್ಲಿಸಿದನು. ಕೇಶಿರಾಜನ ತಂದೆ ಚಿದಾನಂದ ಮಲ್ಲಿಕಾರ್ಜುನ. ಅಜ್ಜನ ಸಂಬಂಧವನ್ನೂ ತಂದೆಯ ಸಂಬಂಧವನ್ನೂ ಕೇಶಿರಾಜನು ತನ್ನ ಗ್ರಂಥದಲ್ಲಿ ತಾನೇ ಅಭಿಮಾನದಿಂದ ಹೇಳಿಕೊಂಡಿದ್ದಾನೆ.

ತಂದೆಯಾದ ಮಲ್ಲಿಕಾರ್ಜುನನು ಸೋಮೇಶ್ವರನ ಆಳಿಕೆಯಲ್ಲಿ ಸೂಕ್ತಿಸುಧಾರ್ಣವವೆಂಬ ಸಂಕಲನ ಗ್ರಂಥವನ್ನು ಸಿದ್ಧಪಡಿಸಿದನು. ಹಿಂದಿನ ಕವಿಗಳ ಕಾವ್ಯಗಳಿಂದ ಒಳ್ಳೆಯ ಪದ್ಯಗಳನ್ನು ಆರಿಸಿ, ವರ್ಣನೆಗಳ ವಿಷಯಕ್ಕೆ ತಕ್ಕಂತೆ ವಿಂಗಡಿಸಿ ಜೋಡಿಸಿದ ಗ್ರಂಥವದು. ಇಂಥ ಕೆಲಸಕ್ಕೆ ಮನೆಯಲ್ಲಿ ಓಲೆಗರಿಗಳ ರಾಶಿಯೇ ಇರಬೇಕಾಗುತ್ತದೆ. ಓದಿ ಆರಿಸುವ ತಂದೆ, ರಚಿಸುವ ಸೋದರಮಾವ, ಪಾಠ ಹೇಳಿದ ಅಜ್ಜನ ಸಂಪ್ರದಾಯ ಇವುಗಳ ನಡುವೆ ಬೆಳೆದ ಹುಡುಗನಿಗೆ ಪೂರ್ವಕವಿಗಳ ಮಾತು ಮನೆಯ ಮಾತಿನಷ್ಟೇ ಪರಿಚಿತವಾಗಿದ್ದಿತೆಂದು ಊಹಿಸಿದರೆ ತಪ್ಪಾಗದು. ತಂದೆಯು ರಸಕ್ಕಾಗಿ ಆರಿಸಿದ ಪದ್ಯಗಳನ್ನು ಮಗನು ಲಕ್ಷಣಕ್ಕಾಗಿ ಪರೀಕ್ಷಿಸತೊಡಗಿದನು.

ಕಾಲವು ಮಾತ್ರ ನೆಮ್ಮದಿಯದಾಗಿರಲಿಲ್ಲ. ಸೋಮೇಶ್ವರನು ಬಹುಕಾಲ ತಮಿಳುನಾಡಿನ ಕಣ್ಣಾನೂರಿನಲ್ಲೇ ನೆಲಸಿದನು. 1254ರ ಸುಮಾರಿಗೆ ರಾಜ್ಯವು ಇಬ್ಭಾಗವಾಗಿ, ದೋರಸಮುದ್ರದ ಭಾಗವು ಮೂರನೆಯ ನರಸಿಂಹನಿಗೂ ತಮಿಳು ಭಾಗವು ರಾಮನಾಥನಿಗೂ ಸೇರಿತು. ಆದರೂ ರಾಜಧಾನಿಯಲ್ಲಿ ವಿದ್ಯೆಯು ಬತ್ತಲಿಲ್ಲ. ಬಾಲಚಂದ್ರ ಪಂಡಿತದೇವನು 1274ರಲ್ಲಿಯೂ ಅಭಯಚಂದ್ರನು 1279ರಲ್ಲಿಯೂ ಸಮಾಧಿ ಹೊಂದಿದುದನ್ನು ಬಸ್ತಿಹಳ್ಳಿಯ ಶಾಸನಗಳು ಬಲು ಗೌರವದಿಂದ ಹೇಳುತ್ತವೆ. ಇಂಥ ಪಂಡಿತರು ಓಡಾಡುತ್ತಿದ್ದ ದಿನಗಳಲ್ಲಿಯೇ, ಎಂದರೆ 1260ರ ಸುಮಾರಿನಲ್ಲಿ, ಶಬ್ದಮಣಿದರ್ಪಣವು ರಚಿತವಾಯಿತೆಂದು ವಿದ್ವಾಂಸರು ಎಣಿಸಿದ್ದಾರೆ.

ಮಾತಿನ ಮಟ್ಟಿಗೆ ಆ ಕಾಲವು ಇನ್ನೂ ಹೆಚ್ಚಿನ ಕಲಹದ್ದು. ಹನ್ನೆರಡನೆಯ ಶತಮಾನದ ಶರಣರು ಜನರ ಆಡುಮಾತನ್ನೇ ಧರ್ಮದ ಭಾಷೆಯನ್ನಾಗಿ ಮಾಡಿದ್ದರು. ಹರಿಹರನು ರಗಳೆಯ ನಡೆಯನ್ನು ಹಿಡಿದು, ಹಳಗನ್ನಡದ ಅಕ್ಷರಭೇದಗಳ ಕಟ್ಟುಪಾಡು ತನಗೆ ಬೇಡವೆಂದು ಸ್ಪಷ್ಟಪಡಿಸಿದ್ದನು. ಅವನೂ ಮೊದಲು ದೋರಸಮುದ್ರದ ಅರಮನೆಯಲ್ಲಿ ಕರಣಿಕನಾಗಿದ್ದು, ಲೆಕ್ಕದ ಕಡತವನ್ನು ಬಿಟ್ಟು ಹಂಪೆಗೆ ಹೋದನೆಂದು ಸಂಪ್ರದಾಯವು ಹೇಳುತ್ತದೆ. ಹೀಗೆ ಹಳೆಯ ಕಟ್ಟನ್ನು ಬಿಚ್ಚಿದವನಿಗೂ ಅದನ್ನು ಬರೆದಿಟ್ಟವನಿಗೂ ಒಂದೇ ಪಟ್ಟಣದ ನಂಟು ಅಂಟಿಕೊಂಡಿದೆ.

ಕೇಶಿರಾಜನು ಬರಿಯ ವೈಯಾಕರಣನಾಗಿರಲಿಲ್ಲ. ಚೋಳಪಾಲಕ ಚರಿತ, ಚಿತ್ರಮಾಲೆ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಎಂಬ ಐದು ಕೃತಿಗಳನ್ನೂ ಅವನು ರಚಿಸಿದ್ದನು. ಅವುಗಳಲ್ಲಿ ಒಂದೂ ನಮಗೆ ದೊರೆತಿಲ್ಲ. ಕಾವ್ಯಗಳೆಲ್ಲ ಕಾಲವಶವಾಗಿ ವ್ಯಾಕರಣವೊಂದೇ ಉಳಿಯಿತು. ಪಾಠ ಹೇಳುವವರಿಗೂ ಪ್ರತಿಮಾಡುವವರಿಗೂ ಅದು ಬೇಕಾಗಿದ್ದುದೇ ಅದರ ಆಯುಷ್ಯಕ್ಕೆ ಕಾರಣವಾಗಿರಬೇಕು.

ಅವನಿಗಿಂತ ಮುಂಚೆ ನಾಗವರ್ಮನು ಕರ್ಣಾಟಕ ಭಾಷಾಭೂಷಣವನ್ನು ಬರೆದಿದ್ದನು. ಅದರ ಸೂತ್ರಗಳು ಸಂಸ್ಕೃತದಲ್ಲಿವೆ. ಕೇಶಿರಾಜನು ಕನ್ನಡದ ಲಕ್ಷಣವನ್ನು ಕನ್ನಡದಲ್ಲೇ, ಕಂದಪದ್ಯಗಳಲ್ಲಿ ಹೇಳಿ, ತಾನೇ ವೃತ್ತಿಯನ್ನು ಬರೆದು, ಉದಾಹರಣೆಗಳನ್ನು ಕೊಟ್ಟನು. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಎಂಟು ಪ್ರಕರಣಗಳೂ ಕೊನೆಗೆ ಪ್ರಯೋಗಸಾರವೆಂಬ ಭಾಗವೂ ಅದರಲ್ಲಿವೆ. ಧಾತುಪ್ರಕರಣದಲ್ಲಿ ಸಾವಿರಕ್ಕೆ ಸಮೀಪವಾದಷ್ಟು ಕ್ರಿಯಾಧಾತುಗಳನ್ನು ಅರ್ಥಸಹಿತವಾಗಿ ಪಟ್ಟಿಮಾಡಿದ್ದಾನೆ. ಪ್ರಯೋಗಸಾರದಲ್ಲಿ ಹಳೆಯ ಶಬ್ದಗಳಿಗೆ ಅರ್ಥವನ್ನು ಬರೆದಿದ್ದಾನೆ. ಅರ್ಥವನ್ನು ಬರೆದಿಡಬೇಕಾಯಿತೆಂದರೆ ಆ ಶಬ್ದಗಳು ಅವನ ಕಾಲಕ್ಕಾಗಲೇ ಓದುಗರ ನೆನಪಿನಿಂದ ಜಾರುತ್ತಿದ್ದುವೆಂದು ಅರ್ಥ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಒಂದು ಶಬ್ದವು ಸಾಧುವೋ ಅಸಾಧುವೋ ಎಂಬುದನ್ನು ಕೇಶಿರಾಜನು ಯಾವ ಆಧಾರದಿಂದ ನಿರ್ಣಯಿಸಿದನು? ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಅವನು ಎರವಲು ತಂದುದು ನಿಜ. ಅದಕ್ಕಾಗಿ ಈಚಿನ ಭಾಷಾಶಾಸ್ತ್ರಜ್ಞರು ಅವನನ್ನು ಆಕ್ಷೇಪಿಸಿರುವುದೂ ಉಂಟು. ಆದರೆ ತೀರ್ಪಿನ ಆಧಾರವು ಆ ಚೌಕಟ್ಟಲ್ಲ. ಗ್ರಂಥದ ಆರಂಭದಲ್ಲೇ ಅವನು ತನ್ನ ಸಾಕ್ಷಿಗಳ ಹೆಸರುಗಳನ್ನು ಹೇಳಿಬಿಡುತ್ತಾನೆ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ. ಈ ಹತ್ತು ಮಂದಿ ನಡೆದ ಮಾರ್ಗವೇ ತನ್ನ ಗ್ರಂಥಕ್ಕೆ ಲಕ್ಷ್ಯವೆಂಬುದು ಅವನ ಪ್ರತಿಜ್ಞೆ. ಲಕ್ಷ್ಯವೆಂದರೆ ಬಳಕೆ, ಲಕ್ಷಣವೆಂದರೆ ನಿಯಮ. ಕೇಶಿರಾಜನಲ್ಲಿ ಬಳಕೆಯು ಮುಂದೆ ನಡೆಯುತ್ತದೆ, ನಿಯಮವು ಅದರ ಹೆಜ್ಜೆಯನ್ನು ನೋಡಿಕೊಂಡು ಹಿಂದೆ ಬರುತ್ತದೆ. ಆದುದರಿಂದ ಬಳಕೆಯೇ ಪ್ರಮಾಣವೆನ್ನುವ ಇಂದಿನ ಪಕ್ಷದವರು ಅವನನ್ನು ವೈರಿಯೆಂದು ಭಾವಿಸಬೇಕಾದುದಿಲ್ಲ. ಯಾರ ಬಳಕೆ ಎಂಬ ಪ್ರಶ್ನೆಗೆ ಮಾತ್ರ ಅವನು ಖಚಿತವಾದ ಉತ್ತರವನ್ನು ಇಟ್ಟುಕೊಂಡಿದ್ದನು. ಮಾತನ್ನು ಎಚ್ಚರದಿಂದ ಬಳಸಿದವರ, ಬಳಸಿ ಬಾಳಿಸಿದವರ ಬಳಕೆ ಎಂಬುದೇ ಆ ಉತ್ತರ.

ಆ ಸಾಕ್ಷಿಗಳ ಪಟ್ಟಿಯಲ್ಲೇ ಒಂದು ಸ್ವಾರಸ್ಯವಿದೆ. ಕೇಶಿರಾಜನು ತನ್ನ ಪದ್ಯದಲ್ಲಿ ಪಂಪನನ್ನು ಹಂಪನೆಂದೂ ಪೊನ್ನನನ್ನು ಹೊನ್ನನೆಂದೂ ಕರೆದಿದ್ದಾನೆ. ಹತ್ತನೆಯ ಶತಮಾನದ ಪಕಾರವು ಹದಿಮೂರನೆಯ ಶತಮಾನದ ಹೊತ್ತಿಗೆ ಬಾಯಲ್ಲಿ ಹಕಾರವಾಗಿ ತಿರುಗಿದ್ದಿತು. ಪಾಲು ಹಾಲಾಗಿ, ಪೂ ಹೂವಾಗಿ, ಪಳ್ಳಿ ಹಳ್ಳಿಯಾಗಿ ನಡೆಯುತ್ತಿದ್ದ ಕಾಲವದು. ಛಂದಸ್ಸಿನ ಒತ್ತಾಯವೂ ಅಲ್ಲಿರಲಿಲ್ಲ. ಪಕಾರವಿಟ್ಟರೂ ಹಕಾರವಿಟ್ಟರೂ ಮಾತ್ರೆಯ ಲೆಕ್ಕ ಒಂದೇ. ಆದರೂ ಹಳೆಯ ಬಳಕೆಯ ರಕ್ಷಕನೆನಿಸಿದವನು ತಾನು ಪೂಜಿಸುವ ಕವಿಗಳ ಹೆಸರನ್ನೇ ಹೊಸ ಬಳಕೆಯಲ್ಲಿ ಬರೆದನು. ನಾಡಿನ ಬಾಯೆಲ್ಲ ಒಂದಾಗಿ ಒಪ್ಪಿದ ಮಾರ್ಪಾಟಿಗೆ ಅವನು ಅಡ್ಡ ನಿಲ್ಲಲಿಲ್ಲ.

ಇನ್ನೊಂದು ಕಡೆಯಲ್ಲಿ ಅವನು ಬಿಗಿಯಾಗಿ ನಿಂತನು. ಅದು ಱಕಾರ, ೞಕಾರಗಳ ವಿಷಯ. ಹಳಗನ್ನಡದಲ್ಲಿ ಇಂದಿನ ರಕಾರದ ಜೊತೆಗೆ ಶಕಟರೇಫವೆಂಬ ಱಕಾರವೂ, ಇಂದಿನ ಳಕಾರದ ಜೊತೆಗೆ ೞಕಾರವೂ ಇದ್ದುವು. ಮಳೆ, ಕೋಳಿ, ಬಾಳೆ, ಏಳು ಎಂದು ನಾವು ಬರೆಯುವ ಶಬ್ದಗಳು ಆಗ ಮೞೆ, ಕೋೞಿ, ಬಾೞೆ, ಏೞು ಎಂದಿದ್ದುವು. ಕೇಶಿರಾಜನ ಕಾಲಕ್ಕೆ ಈ ಧ್ವನಿಗಳು ಜನರ ನಾಲಗೆಯಿಂದ ಸರಿದುಹೋಗುತ್ತಿದ್ದುವು. ಶಾಸನಗಳನ್ನು ಕೊರೆಯುವವರೂ ಒಂದರ ಬದಲಿಗೆ ಇನ್ನೊಂದನ್ನು ಕೊರೆಯುತ್ತಿದ್ದರು. ಎರಡನೆಯ ಅಕ್ಷರದಲ್ಲಿ ಪ್ರಾಸವನ್ನಿಡುವ ಕವಿಗೆ ಇದು ದೊಡ್ಡ ತೊಡಕು. ಕಿವಿಗೆ ಒಂದೇ ಆದ ಅಕ್ಷರಗಳನ್ನು ಹಳೆಯ ಕವಿಗಳು ಬೇರೆಬೇರೆಯಾಗಿ ಎಣಿಸಿದ್ದಾರೆ. ಆಗ ಕೇಶಿರಾಜನು ಸಹಜವಾದ ೞಕಾರಕ್ಕೆ ರೞವೆಂದೂ, ಕನ್ನಡದ ಸ್ವಂತ ಳಕಾರಕ್ಕೆ ಕುಳವೆಂದೂ, ಸಂಸ್ಕೃತದ ಲಕಾರದಿಂದ ಹುಟ್ಟಿದ ಳಕಾರಕ್ಕೆ ಕ್ಷಳವೆಂದೂ ಹೆಸರುಗಳನ್ನು ಹೇಳಿ, ಯಾವ ಯಾವ ಶಬ್ದದಲ್ಲಿ ೞಕಾರವಿದೆಯೆಂದು ಪಟ್ಟಿಯನ್ನೇ ಬರೆದುಕೊಟ್ಟನು. ಱಕಾರಕ್ಕೂ ಹಾಗೆಯೇ ಮಾಡಿದನು.

ಇದನ್ನು ಅಕ್ಷರದ ಹುಚ್ಚೆಂದು ತಳ್ಳಿಹಾಕುವುದು ಸುಲಭ. ಆದರೆ ಹಸುವನ್ನು ಕರೆದನೆಂದು ನಾವು ಇಂದು ಬರೆದರೆ, ಕೂಗಿದನೋ ಹಾಲನ್ನು ಹಿಂಡಿದನೋ ತಿಳಿಯುವುದಿಲ್ಲ. ಹಳಗನ್ನಡದಲ್ಲಿ ಕೂಗುವುದು ಕರೆ, ಹಾಲು ಹಿಂಡುವುದು ಕಱೆ. ಆಳು ಎಂದರೆ ರಾಜ್ಯವನ್ನು ಆಳುವುದು, ಆೞು ಎಂದರೆ ನೀರಿನಲ್ಲಿ ಮುಳುಗುವುದು. ಆಳವೆಂಬ ಇಂದಿನ ಮಾತು ಆ ಎರಡನೆಯದರ ಸಂತಾನ. ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಬದುಕು. ಅಕ್ಷರವು ಹೋದಾಗ ಅದರೊಡನೆ ಇಷ್ಟು ಭೇದಗಳೂ ಹೋದುವು. ಧ್ವನಿಯನ್ನು ಉಳಿಸುವುದು ಒಬ್ಬ ಮನುಷ್ಯನ ಕೈಯಲ್ಲಿರಲಿಲ್ಲ. ಭೇದದ ನೆನಪನ್ನು ಉಳಿಸುವುದು ಅವನ ಕೈಯಲ್ಲಿದ್ದಿತು; ಅದನ್ನು ಅವನು ಮಾಡಿ ಮುಗಿಸಿದನು.

ಸಮಾಸದ ವಿಷಯದಲ್ಲಿ ಅವನ ನ್ಯಾಯಬುದ್ಧಿಯು ಇನ್ನೂ ಚೆನ್ನಾಗಿ ಕಾಣುತ್ತದೆ. ಸಂಸ್ಕೃತ ಶಬ್ದವನ್ನೂ ಕನ್ನಡ ಶಬ್ದವನ್ನೂ ಬೆರಸಿ ಒಂದೇ ಪದವನ್ನಾಗಿ ಮಾಡುವುದು ಅರಿಸಮಾಸವೆಂದು, ಎಂದರೆ ಒಂದಕ್ಕೊಂದು ಹಗೆಯಾದವುಗಳ ಕೂಟವೆಂದು, ಅವನು ನಿಷೇಧಿಸಿದನು. ಆದರೆ ನಿಷೇಧಿಸಿ ಸುಮ್ಮನಾಗಲಿಲ್ಲ. ಹಿಂದಿನ ಸತ್ಕವಿಗಳು ಬಳಸಿ ರೂಢಿಗೆ ಬಂದವುಗಳನ್ನೂ, ಬಿರುದಾವಳಿಗಳಲ್ಲಿ ನಿಂತುಹೋದವುಗಳನ್ನೂ ಒಪ್ಪಿಕೊಂಡನು. ಹಗೆಗಳೆರಡು ಬಹುಕಾಲ ಒಂದೇ ಮನೆಯಲ್ಲಿ ಕೂಡಿ ಬಾಳಿದರೆ ಅವುಗಳನ್ನು ಬಿಡಿಸಹೋಗುವುದು ವಿವೇಕವಲ್ಲವೆಂಬುದು ಇದರ ತಾತ್ಪರ್ಯ. ದಿನವೆಂಬ ಸಂಸ್ಕೃತ ಶಬ್ದಕ್ಕೆ ಕೂಲಿಯೆಂಬ ದೇಶ್ಯ ಶಬ್ದವನ್ನು ಸೇರಿಸಿ ನಾವು ದಿನಗೂಲಿ ಎನ್ನುತ್ತೇವೆ. ಹೊಸದಾಗಿ ಹುಟ್ಟಿದ ದಿನ ಅದು ಕೇಶಿರಾಜನ ಮುಂದೆ ಬಂದಿದ್ದರೆ ತಪ್ಪೆಂದು ಬರೆದಾನು. ಇಂದಿನ ರೂಢಿಯನ್ನು ನೋಡಿದರೆ ವಿನಾಯಿತಿಯ ಪಟ್ಟಿಯಲ್ಲಿ ಸೇರಿಸಿಯಾನು.

ಅಪಭ್ರಂಶವೆಂಬ ಪ್ರಕರಣದ ಹೆಸರನ್ನು ಕೇಳಿದವರು ಅದರಲ್ಲಿ ಕೆಟ್ಟ ಮಾತುಗಳ ಖಂಡನೆ ಇರಬಹುದೆಂದು ಎಣಿಸಬಹುದು. ಅಲ್ಲಿರುವುದು ಸಂಸ್ಕೃತ ಶಬ್ದಗಳು ಕನ್ನಡದ ಬಾಯಲ್ಲಿ ಯಾವ ಕ್ರಮದಿಂದ ತದ್ಭವಗಳಾಗುತ್ತವೆಯೆಂಬ ವಿವರಣೆ. ಮೂಲದ ದೃಷ್ಟಿಯಿಂದ ನೋಡಿದರೆ ಇವೆಲ್ಲ ತಪ್ಪು ಉಚ್ಚಾರಣೆಗಳೇ. ಕೇಶಿರಾಜನು ಆ ತಪ್ಪುಗಳಲ್ಲಿ ಒಂದು ಕಟ್ಟಳೆಯನ್ನು ಕಂಡನು; ಕಟ್ಟಳೆಯುಳ್ಳ ತಪ್ಪು ಭಾಷೆಯ ಸ್ವಭಾವವೆಂದು ಅರಿತನು. ಬಸ್ತಿಹಳ್ಳಿಯ ಹೆಸರೇ ಇದಕ್ಕೆ ನಿದರ್ಶನ. ಸಂಸ್ಕೃತದ ವಸತಿಯು ಕನ್ನಡದಲ್ಲಿ ಬಸದಿಯಾಯಿತು. ವಾಸಸ್ಥಾನವೆಂಬ ಅರ್ಥವು ಸಂಕೋಚಗೊಂಡು ಜಿನಾಲಯವೆಂದಾಯಿತು. ಬಸದಿಯು ಆಡುಮಾತಿನಲ್ಲಿ ಇನ್ನೂ ಸವೆದು ಬಸ್ತಿಯಾಯಿತು. ಪಳ್ಳಿಯು ಹಳ್ಳಿಯಾಯಿತು. ಪಕ್ಕದ ಹಳೇಬೀಡಿನಲ್ಲಿ ಪೞೆಯ ಎಂಬುದರ ಪಕಾರವೂ ಹೋಗಿದೆ, ೞಕಾರವೂ ಹೋಗಿದೆ. ಈ ಎರಡು ಊರುಗಳ ಹೆಸರನ್ನು ಶುದ್ಧಪಡಿಸುತ್ತೇವೆಂದು ಯಾರಾದರೂ ಹೊರಟು ವಸತಿಪಳ್ಳಿಯೆಂದು ಫಲಕ ಬರೆಸಿದರೆ, ಅಂಚೆಯವನೂ ಬಸ್ಸಿನ ನಿರ್ವಾಹಕನೂ ಊರನ್ನು ಹುಡುಕಿ ಬಳಲಬೇಕಾದೀತು.

ಹಾಗೆಂದು ಕನ್ನಡವು ಸಂಸ್ಕೃತದ ಕೆಟ್ಟ ನೆರಳೆಂದು ಅವನು ಎಣಿಸಲಿಲ್ಲ. ಗಮಕಸಮಾಸ, ಸತಿಸಪ್ತಮಿ, ಶ್ರುತಿಸಹ್ಯವಾದ ಸಂಧಿ, ಱೞಕುಳಕ್ಷಳಗಳ ಭೇದ ಮೊದಲಾದವುಗಳನ್ನು ಎಣಿಸಿ, ಇವು ಕನ್ನಡದ ಅಸಾಧಾರಣ ಲಕ್ಷಣಗಳೆಂದು ಸಾರಿದನು. ಶ್ರುತಿಸಹ್ಯವೆಂಬ ಮಾತನ್ನು ಗಮನಿಸಬೇಕು. ಸಂಧಿಯನ್ನು ಮಾಡಬೇಕೋ ಬಿಡಬೇಕೋ ಎಂಬುದಕ್ಕೆ ಕಿವಿಯೂ ಒಂದು ಪ್ರಮಾಣವೆಂದು ಶಾಸ್ತ್ರಗ್ರಂಥದಲ್ಲೇ ಒಪ್ಪಿಕೊಂಡವನನ್ನು ನಿರ್ದಯನೆನ್ನುವುದು ಹೇಗೆ?

1311ರಲ್ಲಿ ಮಲಿಕ್ ಕಾಫೂರನ ಸೈನ್ಯವು ದೋರಸಮುದ್ರದ ಮೇಲೆ ಬಿದ್ದಿತು. ಆಮೇಲೆ ದೆಹಲಿಯ ಇನ್ನೊಂದು ದಂಡೂ ಬಂದು, ರಾಜಧಾನಿಯು ಹಾಳಾಗಿ ಹಳೆಯ ಬೀಡೆನಿಸಿಕೊಂಡಿತು. ಅರಮನೆಯ ಗೋಡೆಗಳು ಉಳಿಯಲಿಲ್ಲ. ಓಲೆಗರಿಯ ಮೇಲಿನ ವ್ಯಾಕರಣವು ಮಠಗಳಲ್ಲಿಯೂ ಪಂಡಿತರ ಮನೆಗಳಲ್ಲಿಯೂ ಪ್ರತಿಯಾಗುತ್ತ ಉಳಿದುಬಂದಿತು. ನಿಷ್ಠೂರ ನಂಜಯ್ಯನೇ ಮೊದಲಾದವರು ಅದಕ್ಕೆ ವ್ಯಾಖ್ಯಾನವನ್ನು ಬರೆದರು. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದ ಕಿಟ್ಟೆಲ್ ಪಂಡಿತನ ಪರಿಷ್ಕರಣವು ಹೊರಬಂದಿತು. ಆ ಕಿಟ್ಟೆಲನೇ 1894ರಲ್ಲಿ ತನ್ನ ಮಹಾನಿಘಂಟನ್ನೂ, 1903ರಲ್ಲಿ ಕೇಶಿರಾಜನನ್ನೇ ಮುಖ್ಯ ಆಧಾರವಾಗಿಟ್ಟುಕೊಂಡ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದನು. ಶಾಸನಗಳನ್ನು ಓದುವವರಿಗೂ ಹಳೆಯ ಕಾವ್ಯಗಳನ್ನು ಪರಿಷ್ಕರಿಸುವವರಿಗೂ ಕೇಶಿರಾಜನ ಪಟ್ಟಿಗಳು ಕೈದೀಪವಾದುವು. ಅವನು ಹೆಸರಿಸಿದ ಹತ್ತು ಕವಿಗಳಲ್ಲಿ ಗಜಗ, ಮನಸಿಜ, ಚಂದ್ರಭಟ್ಟರ ಕೃತಿಗಳು ಕೈಗೆ ಸಿಕ್ಕಿಲ್ಲ. ಮೊದಲನೆಯ ಗುಣವರ್ಮನ ಕಾವ್ಯಗಳೂ ಉದ್ಧೃತಭಾಗಗಳಿಂದಲೇ ಪರಿಚಿತ. ಸಾಕ್ಷಿಗಳು ಮರೆಯಾದರೂ ಅವರು ನುಡಿದ ಸಾಕ್ಷ್ಯವು ನ್ಯಾಯಾಧೀಶನ ಕಡತದಲ್ಲಿ ಉಳಿದಿದೆ.

ಅವನ ಪ್ರೀತಿಯ ೞಕಾರಕ್ಕೆ ನಮ್ಮ ಕಾಲದಲ್ಲಿ ಒದಗಿದ ಗತಿಯನ್ನೂ ಹೇಳಬೇಕು. ಜಗತ್ತಿನ ಲಿಪಿಗಳನ್ನೆಲ್ಲ ಗಣಕಯಂತ್ರಗಳಿಗೆ ಒದಗಿಸುವ ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೂ ಸ್ಥಾನ ದೊರೆತಿದೆ. ಆದರೆ ಪಟ್ಟಿಮಾಡಿದವರು ಅದಕ್ಕೆ ಆಂಗ್ಲದ ಎಫ್ ಅಕ್ಷರದ ಧ್ವನಿಯುಳ್ಳ ‘ಫಾ’ ಎಂಬ ಹೆಸರನ್ನು ಬರೆದುಬಿಟ್ಟರು. ಒಮ್ಮೆ ಬರೆದ ಹೆಸರನ್ನು ಬದಲಾಯಿಸಕೂಡದೆಂಬುದು ಆ ಪಟ್ಟಿಯ ನಿಯಮ. ಆದುದರಿಂದ ಹೆಸರು ತಪ್ಪೆಂದು ಪಕ್ಕದಲ್ಲಿ ಟಿಪ್ಪಣಿಯನ್ನು ಹಾಕಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಕೇಶಿರಾಜನು ಇದಕ್ಕೆ ಅಷ್ಟಾಗಿ ಬೇಸರಪಡುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ತಪ್ಪನ್ನು ಕಿತ್ತೊಗೆಯಲಾಗದ ಕಡೆ ಅದು ತಪ್ಪೆಂದು ಬರೆದಿಡುವುದೂ ಶಾಸ್ತ್ರದ ಕೆಲಸವೇ.

ಹಾಗಾದರೆ ವ್ಯಾಜ್ಯದ ತೀರ್ಪೇನು? ಕೇಶಿರಾಜನ ಮಾರ್ಗವನ್ನು ಹಿಡಿದು ಹೋದರೆ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಮಾರ್ಪಾಟು ನಾಡಿನದೋ, ಕೆಲವರ ಅಜಾಗರೂಕತೆಯದೋ? ಮಾತನ್ನು ಎಚ್ಚರದಿಂದ ಬಳಸುವವರು ಅದನ್ನು ಒಪ್ಪಿದ್ದಾರೆಯೋ ಇಲ್ಲವೋ? ಅದರಿಂದ ಅರ್ಥವು ಬೆಳೆಯಿತೋ ಕಲಸಿಹೋಯಿತೋ?

ಮೊದಲ ಬಗೆಯ ಮಾತುಗಳನ್ನು ನೋಡೋಣ. ಅವಸರವೆಂದರೆ ಸಂಸ್ಕೃತದಲ್ಲಿ ಸಮಯ, ಸಂದರ್ಭ, ಕನ್ನಡದಲ್ಲಿ ಆತುರ. ಅನುಮಾನವೆಂದರೆ ಅಲ್ಲಿ ತರ್ಕದಿಂದ ತಿಳಿಯುವುದು, ಇಲ್ಲಿ ಸಂದೇಹ. ಅಭ್ಯಂತರವೆಂದರೆ ಅಲ್ಲಿ ಒಳಭಾಗ. ನಮ್ಮ ಕಚೇರಿಗಳಲ್ಲಿ ಆಕ್ಷೇಪಣೆ. ಕೂಲಂಕಷವೆಂದರೆ ಮೂಲದಲ್ಲಿ ದಡವನ್ನು ಕೊರೆಯುವ ನದಿ; ನಮ್ಮ ಅಧಿಕಾರಿಗಳಿಗೆ ಸಮಗ್ರವಾದ ಪರಿಶೀಲನೆ. ಪಾರಸಿಯ ರಾಜೀನಾಮೆಯು ಒಪ್ಪಿಗೆಯ ಪತ್ರವಾಗಿದ್ದಿತು. ನಮ್ಮಲ್ಲಿ ಅದು ಅಧಿಕಾರವನ್ನು ಬಿಡುವ ಪತ್ರ. ಇವುಗಳನ್ನು ತಪ್ಪೆನ್ನುವವನು ಕನ್ನಡವನ್ನು ಆಡುವುದನ್ನೇ ಬಿಡಬೇಕಾದೀತು. ನಾಡೆಲ್ಲ ಒಪ್ಪಿದೆ, ಒಳ್ಳೆಯ ಬರಹಗಾರರು ಬಳಸಿದ್ದಾರೆ, ಅರ್ಥದಲ್ಲಿ ಗೊಂದಲವಿಲ್ಲ.

ಎರಡನೆಯ ಬಗೆಯವು ಹೀಗಲ್ಲ. ಪರಿಣತನೆಂದರೆ ನುರಿತವನು, ಪರಿಣೀತನೆಂದರೆ ಮದುವೆಯಾದವನು. ಇವೆರಡರ ನಡುವೆ ತೂಗಾಡುವ ‘ಪರಿಣಿತ’ ಎಂಬ ರೂಪವು ಅತ್ತಲೂ ಸಲ್ಲುವುದಿಲ್ಲ, ಇತ್ತಲೂ ಸಲ್ಲುವುದಿಲ್ಲ. ಕೂಲಂಕಷವನ್ನು ಕೆಲವರು ‘ಕೂಲಂಕುಶ’ವೆಂದು ಬರೆದು ನದಿಯ ದಡಕ್ಕೆ ಆನೆಯ ಅಂಕುಶವನ್ನು ಚುಚ್ಚುತ್ತಾರೆ. ಮದ್ಯವು ಹೆಂಡ, ಮಧ್ಯವು ನಡು. ಒಂದು ಪ್ರಾಣವು ಹೆಚ್ಚುಕಡಿಮೆಯಾದರೆ ಮಧ್ಯಸ್ಥಿಕೆಯನ್ನು ವಹಿಸಿದ ಗೌರವಸ್ಥರು ಮದ್ಯಸ್ಥರಾಗಿ, ಅಬಕಾರಿ ಇಲಾಖೆಯ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಈ ಮಾರ್ಪಾಟುಗಳಿಗೆ ನಾಡಿನ ಒಪ್ಪಿಗೆಯಿಲ್ಲ. ಒಂದು ಕ್ಷಣ ನಿಘಂಟನ್ನು ತೆರೆಯದ ಸೋಮಾರಿತನವೇ ಇವುಗಳ ತಾಯಿ. ಬಳಕೆಯೇ ಪ್ರಮಾಣವೆಂಬ ತತ್ತ್ವವು ಸೋಮಾರಿತನಕ್ಕೆ ವಕೀಲನಾಗಬಾರದು.

ಆದರೂ ಪ್ರಾಮಾಣಿಕವಾಗಿ ಒಂದು ಮಾತನ್ನು ಹೇಳಲೇಬೇಕು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ಇಂದು ಅನೇಕರ ಮಾತಿನಲ್ಲಿ ಕೇಳಿಸುವುದಿಲ್ಲ. ಬರಹದಲ್ಲಿಯೂ ಮಹಾಪ್ರಾಣಗಳನ್ನು ಬಿಡಬಹುದೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ೞಕಾರವು ಹೋದಂತೆ ಇವೂ ಹೋಗುವ ಕಾಲವು ಬರಲಾರದೆಂದು ಯಾರೂ ಪಣತೊಡುವಂತಿಲ್ಲ. ಹದಿನೈದನೆಯ ಶತಮಾನದ ಕುಮಾರವ್ಯಾಸನ ಭಾರತವನ್ನು ಕೇಶಿರಾಜನ ಸೂತ್ರಗಳಿಂದ ಅಳೆದರೆ ಹೆಜ್ಜೆಹೆಜ್ಜೆಗೂ ತಪ್ಪುಗಳು ಸಿಕ್ಕುತ್ತವೆ. ಆದರೆ ಕುಮಾರವ್ಯಾಸನನ್ನು ತಪ್ಪುಗನ್ನಡದ ಕವಿಯೆನ್ನುವ ಧೈರ್ಯ ಯಾರಿಗಿದೆ? ಸತ್ಕವಿಗಳ ಮಾರ್ಗವೇ ಲಕ್ಷ್ಯವೆಂಬ ಕೇಶಿರಾಜನ ಸೂತ್ರದಿಂದಲೇ ಕುಮಾರವ್ಯಾಸನೂ ಪ್ರಮಾಣವಾಗುತ್ತಾನೆ. ತನ್ನ ನಿಯಮಗಳನ್ನು ಮೀರಿದವನಿಗೂ ತನ್ನ ತತ್ತ್ವದಲ್ಲೇ ಸ್ಥಳವನ್ನು ಬಿಟ್ಟುಕೊಟ್ಟುದು ಆ ವೈಯಾಕರಣನ ದೊಡ್ಡತನ.

ಆದುದರಿಂದ ಬದಲಾವಣೆಯನ್ನು ತಡೆಯುವುದು ನಮ್ಮ ಕೆಲಸವಲ್ಲ. ಅರಿಯದೆ ಬದಲಾಯಿಸದಿರುವುದು ಮಾತ್ರ ನಮ್ಮ ಕೆಲಸ. ಬದಲಾದುದನ್ನು ಒಪ್ಪುವಾಗಲೂ ಬಿಟ್ಟುಹೋದುದರ ಲೆಕ್ಕವನ್ನು ಇಟ್ಟಿರಬೇಕು. ೞಕಾರದ ಪಟ್ಟಿಯನ್ನು ಕೇಶಿರಾಜನು ಬರೆಯದೆ ಹೋಗಿದ್ದರೆ ಪಂಪನ ಪ್ರಾಸಗಳನ್ನು ಸರಿಯಾಗಿ ಓದುವುದು ನಮಗೆ ಬಲು ಕಷ್ಟವಾಗುತ್ತಿದ್ದಿತು. ಕಡತಗಳನ್ನು ಬರೆಯುವ ಅಧಿಕಾರಿಗಳೂ ಪತ್ರಿಕೆಗಳನ್ನು ನಡೆಸುವ ನಾವೂ ಇಂದಿನ ಕನ್ನಡಕ್ಕೆ ಲಕ್ಷ್ಯವನ್ನು ಒದಗಿಸುತ್ತಿರುವವರೇ. ಮುಂದಿನ ಕೇಶಿರಾಜನು ಸಾಕ್ಷಿಗಳನ್ನು ಕರೆಯುವಾಗ ನಮ್ಮ ಆಜ್ಞಾಪತ್ರಗಳನ್ನೂ ಅಂಕಣಗಳನ್ನೂ ತೆಗೆದು ನೋಡಿಯಾನು. ಅವನಿಗೆ ಅಲ್ಲಿ ‘ಕೂಲಂಕುಶ’ವು ಸಿಕ್ಕದಂತೆ ನೋಡಿಕೊಳ್ಳುವುದಕ್ಕೆ ಮೇಜಿನ ಮೇಲೆ ಒಂದು ನಿಘಂಟೂ, ಸಹಿ ಹಾಕುವ ಮುನ್ನ ಒಂದು ನಿಮಿಷದ ವ್ಯವಧಾನವೂ ಇದ್ದರೆ ಸಾಕು.